ಗ್ಯಾನ ಎಲ್ಲಿಟ್ಟಿದ್ದೀಯೆ?

ನಮ್ಮ ಕಡೆ ‘ಗ್ಯಾನ’ ಅಂತ ಒಂದು ಮಾತಿದೆ. ಪುಸ್ತಕದಲ್ಲಿ ಬರೆಯುವ ಜ್ಞಾನವೇ ಅದು, ಆದರೆ ನಾವು ಅದನ್ನು ಅಷ್ಟು ಎತ್ತರದಲ್ಲಿ ಇಟ್ಟಿಲ್ಲ. ಒಲೆ ಮೇಲಿನ ಹಾಲು ಉಕ್ಕಿದರೆ ‘ಗ್ಯಾನ ಎಲ್ಲಿಟ್ಟಿದ್ದೀಯೆ?’ ಎಂದು ಬೈಯುತ್ತೇವೆ. ಮರೆತದ್ದು ನೆನಪಾದರೆ ‘ಗ್ಯಾನಕ್ಕೆ ಬಂತು’ ಅನ್ನುತ್ತೇವೆ. ತಲೆ ಸುತ್ತಿ ಬಿದ್ದವರಿಗೆ ‘ಗ್ಯಾನ ತಪ್ಪೈತೆ’ ಅನ್ನುತ್ತೇವೆ. ಗಮನ, ನೆನಪು, ಎಚ್ಚರ ಮೂರಕ್ಕೂ ಒಂದೇ ಮಾತು. ನನಗೆ ಬಂದ ಕಾಯಿಲೆ ಮೂರನ್ನೂ ಒಟ್ಟಿಗೇ ಹೊತ್ತುಕೊಂಡು ಹೋಯಿತು. ಡಾಕ್ಟರು ಅದಕ್ಕೆ ಸೈಕೋಸಿಸ್ ಅಂದರು. ಆ ಹೆಸರು ಈಗಲೂ ನನ್ನ ಬಾಯಲ್ಲಿ ಸಲೀಸಾಗಿ ಹೊರಳುವುದಿಲ್ಲ. ಗ್ಯಾನ ಹೋಗಿತ್ತು ಅಂದರೆ ಸರಿಯಾಗಿ ಹೇಳಿದಂತಾಗುತ್ತದೆ.

ಹುಷಾರಾಗುತ್ತಿದ್ದಾಗ ಫೋನಿನಲ್ಲಿ ಹುಡುಕಿದ್ದೆ. ಕಿವಿಯಲ್ಲಿ ದನಿ ಕೇಳುವ ಬಗ್ಗೆ ಬೇಕಾದಷ್ಟು ಇತ್ತು. ದನಿ ನಿಂತ ಮೇಲೂ ಒಬ್ಬಳು ಸಾರಿನ ಪಾತ್ರೆ ಮುಂದೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೌಟು ಹಿಡಿದು ನಿಂತೇ ಇರುತ್ತಾಳಲ್ಲ, ಅವಳ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ. ಅವಳಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಓದುತ್ತಾ ಮೇಲಿನ ಸಾಲು ಮರೆತರೆ ಮತ್ತೆ ಮೇಲಿನಿಂದ ಓದು ತಾಯಿ, ಯಾರೂ ಬೈಯುವುದಿಲ್ಲ. ಬರೆಯುತ್ತಾ ನಾನೂ ಅದನ್ನೇ ಮಾಡುತ್ತಿದ್ದೇನೆ.

ನನ್ನ ಹೆಸರು ಪವಿತ್ರ, ಎಲ್ಲರ ಬಾಯಲ್ಲಿ ಪವಿ. ನಮ್ಮೂರು ಹೊಸಹೊಳಲಿನ ಆಚೆ. ಬಿ.ಎ. ಮುಗಿಸಿ ಕೆ.ಆರ್. ಪೇಟೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಂಡರೂ ಚಿಂತೆಯಿಲ್ಲ, ನನ್ನ ತಲೆ ಆಗ ಬಲು ಚುರುಕು. ಸಂತೆಗೆ ಬಂದ ಅಜ್ಜಿ ‘ಓದ್ಸಲ ಕೊಟ್ಟಿದ್ಯಲ್ಲವ್ವ, ಆ ಅಳದಿ ಮಾತ್ರೆ, ಮಂಡಿನೋವಿಂದು’ ಅಂದರೆ ಸಾಕು, ಯಾವ ಕಂಪನಿ, ಯಾವ ಗೂಡು ಎಂದು ತಿರುಗಿ ನೋಡದೆ ಕೈ ಹಾಕುತ್ತಿದ್ದೆ. ‘ಈ ಉಡ್ಗಿ ತಲೇಲಿ ದೇವ್ರು ಕಂಪ್ಯೂಟ್ರು ಮಡಗವ್ನೆ’ ಎಂದು ಅಂಗಡಿ ಯಜಮಾನರು ಬಂದವರಿಗೆಲ್ಲ ಹೇಳೋರು. ನಾನು ಬೇಡ ಅನ್ನುತ್ತಾ ಒಳಗೊಳಗೇ ಉಬ್ಬುತ್ತಿದ್ದೆ.

ಕಾಯಿಲೆ ಬಂದಿದ್ದು ಒಂದೇ ದಿನಕ್ಕಲ್ಲ. ಮೊದಲು ನಿದ್ದೆ ಹೋಯಿತು. ಆಮೇಲೆ ಡಾಕ್ಟರ ಚೀಟಿಗಳಲ್ಲಿ ನನಗೇ ಏನೋ ಸೂಚನೆ ಬರೆದಿದೆ ಅನ್ನಿಸತೊಡಗಿತು. ಅದಾದ ಮೇಲೆ ದನಿಗಳು. ಒಬ್ಬ ಗಂಡಸು, ಒಬ್ಬ ಹೆಂಗಸು. ನಾನು ಏನು ಮಾಡಿದರೂ ಅದನ್ನು ಹೇಳುವುದೇ ಅವರ ಕೆಲಸ. ‘ಹಲ್ಲು ಉಜ್ಜುತ್ತಿದ್ದಾಳೆ. ಹೊಸ್ತಿಲು ದಾಟಿದಳು. ಹೆದರಿದ್ದಾಳೆ.’ ಇದರಲ್ಲಿ ಒಂದು ತಮಾಷೆಯಿದೆ, ಈಗ ನೆನೆದರೆ ನಗು ಬರುತ್ತದೆ. ನಮ್ಮೂರಲ್ಲಿ ಯಾರ ಬಾಯಲ್ಲೂ ‘ಹ’ ಹೊರಡುವುದಿಲ್ಲ. ಹಾಲು ಆಲು, ಹೋಗು ಓಗು. ಈ ಇಬ್ಬರು ಮಾತ್ರ ರೇಡಿಯೊದ ವಾರ್ತೆಯವರ ಥರ ಹಕಾರವನ್ನು ಒತ್ತಿ ಒತ್ತಿ ಹೇಳುತ್ತಿದ್ದರು. ಅದಕ್ಕೇ ನಾನು ನಂಬಿಬಿಟ್ಟೆ. ಇವರು ನಮ್ಮ ಬೀದಿಯವರಲ್ಲ, ಮೇಲಿನಿಂದ ಬಂದ ಆಫೀಸರುಗಳು, ಸುಳ್ಳು ಯಾಕೆ ಹೇಳುತ್ತಾರೆ ಅಂದುಕೊಂಡೆ.

ಅಂಗಡಿಗೆ ಹೋಗುವುದು ನಿಲ್ಲಿಸಿದೆ. ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದೆ. ಅವ್ವ ಗಾಳಿ ಸೋಕಿದೆ ಎಂದು ಕಿಕ್ಕೇರಿ ಕಡೆಯ ಒಬ್ಬರ ಹತ್ತಿರ ಯಂತ್ರ ಕಟ್ಟಿಸಿದಳು. ನಿಂಬೆಹಣ್ಣಿನಲ್ಲಿ ಇಳಿ ತೆಗೆದು ದೃಷ್ಟಿ ಕಳೆದಿದ್ದೂ ಆಯಿತು. ಅಪ್ಪ ಜಗುಲಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದ, ಅಷ್ಟೇ. ಆಗ ಬಂದವನು ದೊಡ್ಡಪ್ಪ.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ಮನೆ ಎರಡು ಬೀದಿ ಆಚೆ. ಚಿಕ್ಕವಳಿದ್ದಾಗ ನಾನು ಉಣ್ಣುತ್ತಿದ್ದುದು, ಮಲಗುತ್ತಿದ್ದುದು ಹೆಚ್ಚು ಅಲ್ಲೇ. ದೊಡ್ಡವ್ವ ಮುದ್ದೆಯ ನಡುವೆ ಗುಳಿ ಮಾಡಿ ತುಪ್ಪ ಬಿಟ್ಟು ಕೊಡುವಳು, ದೊಡ್ಡಪ್ಪ ‘ನಂಗ್ಯಾಕೆ ಇಲ್ಲ ತುಪ್ಪ?’ ಎಂದು ಸುಳ್ಳು ಜಗಳ ಆಡುವನು. ಅವತ್ತು ಬಂದವನು ಅಪ್ಪನ ಮುಂದೆ ನಿಂತು ಕೂಗಾಡಿದ.

“ಕಾಲು ಮುರುದ್ರೆ ಯಂತ್ರ ಕಟ್ಟುಸ್ತೀಯೇನ್ಲಾ? ಕಾಲಿಗೆ ಡಾಕ್ಟ್ರು ಇದ್ದಂಗೆ ತಲೆಗೂ ಅವ್ರೆ. ಏಳ್ಲಾ ಮೇಲೆ, ಮಗೀನ ಕರ್ಕಂಡು ಓಗವ.”

ನಾಗಮಂಗಲದ ಕಡೆ ಒಂದು ದೊಡ್ಡ ಆಸ್ಪತ್ರೆಗೆ ಹೊರಟೆವು. ಬಸ್ಸಿನಲ್ಲಿ ಅಪ್ಪ ಮುಂದೆ, ನಾನೂ ದೊಡ್ಡಪ್ಪನೂ ಹಿಂದೆ. ಕಿಟಕಿಯಾಚೆ ಹೋಗುವ ಬೈಕಿನವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎಂದು ನಡುಗುತ್ತಿದ್ದೆ. ದೊಡ್ಡಪ್ಪ ಹೆಗಲ ಮೇಲಿನ ಹಸಿರು ಟವೆಲ್ಲು ತೆಗೆದು ಕಿಟಕಿಗೆ ಅಡ್ಡ ಹಿಡಿದ. ನಾಗಮಂಗಲ ದಾಟುವ ತನಕ ಕೈ ಇಳಿಸಲಿಲ್ಲ. ಅವನ ಬಗ್ಗೆ ನನಗಿರುವ ಕಡೆಯ ನೆನಪು ಆ ಟವೆಲ್ಲು.

ಅಡ್ಮಿಟ್ ಮಾಡಿದರು. ಆ ದಿನಗಳ ಬಗ್ಗೆ ಕೇಳಬೇಡಿ, ನನ್ನ ಹತ್ತಿರ ಇಲ್ಲ. ಹಸಿರು ಪರದೆ, ಸ್ಟೀಲ್ ಲೋಟದ ಅಂಚು, ಯಾರೋ ತಲೆ ಬಾಚಿದ್ದು. ಬಂದವರು ಬಂದರು, ಹೋದವರು ಹೋದರು, ಏನೋ ಹೇಳಿದರು, ನಾನು ಊಂ ಅಂದೆ. ಮಾತ್ರೆ ಹಿಡಿದ ಮೇಲೆ ಆಫೀಸರುಗಳ ದನಿ ಸಣ್ಣಗಾಗುತ್ತಾ ಬಂದು ಒಂದು ದಿನ ನಿಂತೇ ಹೋಯಿತು.

ಮನೆಗೆ ಕರೆತಂದರು. ಊರಿಗೆ ಹೇಳಿದ್ದು ಟೈಫಾಯ್ಡು ಅಂತ. ಟೈಫಾಯ್ಡು ತಲೆಗೆ ಏರಿತ್ತು, ಈಗ ಇಳಿದಿದೆ, ಸುಸ್ತು ಇದೆ, ಮಾತಾಡಿಸಬೇಡಿ. ಅಕ್ಕನನ್ನು ಪಾಂಡವಪುರದ ಹತ್ತಿರ ಕೊಟ್ಟಿದ್ದೆವು. ಅವಳ ಅತ್ತೆ ಮನೆಯವರಿಗೂ ಅದೇ ಟೈಫಾಯ್ಡು. ನಾನು ಒಳಮನೆಯಲ್ಲಿ ಇದ್ದೆ. ಯಾರಾದರೂ ಬಂದರೆ ಅವ್ವ ಬಾಗಿಲಿಗೆ ಅಡ್ಡ ನಿಂತು ಮಾತಾಡಿಸಿ ಕಳುಹಿಸುತ್ತಿದ್ದಳು. ಕೆಟ್ಟತನಕ್ಕಲ್ಲ, ನನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು. ಆದರೆ ಬಾಗಿಲಿನ ಈಚೆ ಕೂತವಳಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ದೊಡ್ಡಪ್ಪ ಬರುತ್ತಾನೆ ಎಂದು ಕಾದೆ. ಬರಲಿಲ್ಲ. ದೊಡ್ಡವ್ವನೂ ಬರಲಿಲ್ಲ. ಟವೆಲ್ಲು ಹಿಡಿದವನಿಗೇ ನನ್ನ ಮುಖ ನೋಡಲು ಹೇಸಿಗೆ ಆಯಿತೇನೋ ಅಂದುಕೊಂಡು, ಸಿಟ್ಟಿನಲ್ಲಿ ಅವನ ಸುದ್ದಿಯೇ ಎತ್ತಲಿಲ್ಲ. ಮನೆಯವರೂ ಎತ್ತಲಿಲ್ಲ.

ನಿಜ ಹೇಳುತ್ತೇನೆ, ದನಿಗಳು ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಬೈಯಲಿಕ್ಕಾದರೂ ಜೊತೆಗೆ ಇಬ್ಬರಿದ್ದರು. ಈಗ ತಲೆಯೊಳಗೆ ನಾನೊಬ್ಬಳೇ, ನಾನೂ ಪೂರ್ತಿ ಇಲ್ಲ. ಅವ್ವ ‘ಅಕ್ಕಿ ತೊಳ್ದು, ಕುಕ್ಕರ್ ಮಡಗಿ, ಅಸೀನ ಒಳಿಕ್ ಕಟ್ಟು’ ಅಂದರೆ ಅಕ್ಕಿ ತೊಳೆದು ನಿಂತುಬಿಡುತ್ತಿದ್ದೆ. ಮುಂದಿನದು ಏನೋ ಇತ್ತು ಎಂದು ಗೊತ್ತು, ಏನು ಅನ್ನುವುದು ಗೊತ್ತಿಲ್ಲ. ಧಾರಾವಾಹಿ ನೋಡಲು ಕೂತರೆ ಜಾಹೀರಾತು ಮುಗಿಯುವಷ್ಟರಲ್ಲಿ ಯಾರು ಯಾರ ಹೆಂಡತಿ ಎಂದು ಮರೆತುಹೋಗುತ್ತಿತ್ತು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೈಗೆ ಸಿಗುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ನಗುತ್ತಿದ್ದೆ, ತಡವಾಗಿ, ಒಬ್ಬಳೇ.

ಮೆಡಿಕಲ್ಲಿಗೆ ಒಂದು ಸಲ ಹೋಗಿ ನೋಡಿದೆ. ಗೂಡುಗಳ ಮುಂದೆ ನಿಂತರೆ ಎಲ್ಲ ಡಬ್ಬಿಗಳೂ ಒಂದೇ ಥರ. ಅಜ್ಜಿಯೊಬ್ಬಳು ‘ಯಾಕವ್ವ, ಮಾತ್ರೆ ಇಲ್ವಾ?’ ಅಂದಳು. ಇದೆ ಅಜ್ಜಿ, ತಲೆ ಇಲ್ಲ ಅನ್ನಬೇಕು ಅನ್ನಿಸಿತು. ಯಜಮಾನರು ಒಳ್ಳೆಯವರು, ‘ವಸಿ ದಿನ ರೆಸ್ಟ್ ತಕಳವ್ವ’ ಅಂದರು. ಆ ದನಿಯಲ್ಲಿದ್ದ ಕರುಣೆಗೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಅವ್ವನ ಪ್ರಕಾರ ಮಾತ್ರೆ ನುಂಗಿ ನುಂಗಿ ಮಂಕಾಗಿದ್ದೆ. ಅಕ್ಕನ ಪ್ರಕಾರ ಸೋಮಾರಿಯಾಗಿದ್ದೆ. “ಎಲ್ಲಾ ವಾಸಿ ಆಗೈತಲ್ಲೇ, ಇನ್ನೇನು ದಾಡಿ ನಿಂಗೆ? ಗ್ಯಾನ ಎಲ್ಲಿಟ್ಟಿದ್ದೀಯೆ?” ಎಂದು ಫೋನಿನಲ್ಲೇ ರೇಗುತ್ತಿದ್ದಳು. ಅದು ಗೊತ್ತಿದ್ದರೆ ಹೋಗಿ ಎತ್ತಿಕೊಂಡು ಬರುತ್ತಿರಲಿಲ್ಲವೇ.

ಆಸ್ಪತ್ರೆಗೆ ಅಪ್ಪನ ಜೊತೆ ಆಗಾಗ ತೋರಿಸಲು ಹೋಗಬೇಕಿತ್ತು. ಕಾಯುತ್ತಾ ಕೂರುವ ಆ ಹಾಲ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರ ಕಣ್ಣೂ ಚಪ್ಪಲಿಗಳ ಮೇಲೆ. ಕಾಲು ಮುರಿದವರ ಹಾಲ್‌ನಲ್ಲಾದರೆ ‘ಎಲ್ಲಿ ಬಿದ್ರಿ?’ ಎಂದು ಮಾತು ಶುರುವಾಗುತ್ತದೆ, ಇಲ್ಲಿ ಏನಂತ ಕೇಳುತ್ತಾರೆ? ಒಂದು ದಿನ ಹೊಸಹೊಳಲಿನ ಒಬ್ಬ ಪರಿಚಯದವನು ಎದುರು ಬೆಂಚಿನಲ್ಲಿ ಬಂದು ಕೂತ. ಅವನ ಪಕ್ಕದಲ್ಲಿ ತಲೆ ತಗ್ಗಿಸಿದ ಹೆಂಡತಿ. ತಪ್ಪಿಸಿಕೊಳ್ಳಲು ಜಾಗವಿಲ್ಲ. ಅವನೇ ಕೇಳಿದ, “ಏನಣ್ಣಾ, ಇಲ್ಲಿ? ಯಾರ್ಗೆ?”

ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. “ನಂಗೇ ಕಣಪ್ಪ. ನಿದ್ದೆ ಬರಕಿಲ್ಲ. ಮಗಳು ಜೊತೆಗ್ ಬಂದವ್ಳೆ” ಅಂದ.

ಜೀವಮಾನದಲ್ಲಿ ಒಂದು ತಲೆನೋವಿನ ಮಾತ್ರೆ ನುಂಗದ ಮನುಷ್ಯ. ನನ್ನ ಕಾಯಿಲೆಯನ್ನು ತನ್ನ ತಲೆ ಮೇಲೆ ಹಾಕಿಕೊಂಡು ಸುಮ್ಮನೆ ಕೂತ. ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಎದುರಿನ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ‘ನಾನೂ ನಿನ್ನ ಹಾಗೇ’ ಎಂದು ಹೇಳುವ ದಾರಿಯೂ ಮುಚ್ಚಿಹೋಯಿತು. ಅಪ್ಪನ ಆ ಸುಳ್ಳಿನೊಳಗೆ ಬೆಚ್ಚಗೂ ಇತ್ತು, ಉಸಿರೂ ಕಟ್ಟುತ್ತಿತ್ತು.

ಅವತ್ತು ಡಾಕ್ಟರಮ್ಮ ದನಿಗಳ ಬಗ್ಗೆ ಹೆಚ್ಚು ಕೇಳಲಿಲ್ಲ. ಮಲ್ಲಿಗೆ, ಕತ್ತರಿ, ಬಸ್ಸು ಅಂತ ಕೆಲವು ಪದ ಹೇಳಿ, ಬೇರೆ ಏನೇನೋ ಮಾತಾಡಿಸಿ, ಆಮೇಲೆ ಆ ಪದಗಳನ್ನು ಕೇಳಿದರು. ಮಲ್ಲಿಗೆ ಒಂದೇ ಉಳಿದಿತ್ತು. ವಾರದ ದಿನಗಳನ್ನು ಹಿಂದಿನಿಂದ ಹೇಳು ಅಂದರು. ಶನಿವಾರ, ಶುಕ್ರವಾರ ಅಂದವಳು ಅಲ್ಲೇ ನಿಂತೆ. ‘ನಾನು ದಡ್ಡಿ ಅಲ್ಲ ಮೇಡಂ, ಅಂಗಡಿ ಪೂರ್ತಿ ತಲೆಯಲ್ಲಿತ್ತು’ ಎಂದು ಜೋರಾಗಿಯೇ ಅತ್ತೆ.

ಅವರು ಅಳು ಮುಗಿಯಲು ಬಿಟ್ಟರು. “ಇದು ದಡ್ಡತನ ಅಲ್ಲ, ಸೋಮಾರಿತನಾನೂ ಅಲ್ಲ. ಇದೂ ಕಾಯಿಲೆಯದೇ ಭಾಗ. ದನಿ ಬೇಗ ಹೋಗುತ್ತೆ, ಇದು ನಿಧಾನ. ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ದಿನಾ ಅಭ್ಯಾಸ ಮಾಡೋಣ. ಒಂದು ಸಲಕ್ಕೆ ಒಂದೇ ಕೆಲಸ. ಬರೆದಿಟ್ಕೊಂಡು ಮಾಡು” ಅಂದರು. ಅಪ್ಪನ ಕಡೆ ತಿರುಗಿ, “ನೀವೂ ಒಂದೊಂದೇ ಹೇಳಿ, ಯಜಮಾನ್ರೆ” ಅಂದರು. ಯಾವ ಮಾತ್ರೆಯೂ ಕೊಡದ ನೆಮ್ಮದಿ ಅವತ್ತು ಸಿಕ್ಕಿತು. ನನಗೆ ಆಗುತ್ತಿರುವುದಕ್ಕೆ ಕಾಯಿಲೆಯೊಳಗೆ ಒಂದು ಜಾಗ ಇದೆ, ನಾನೇ ಕಟ್ಟಿಕೊಂಡ ನೆಪವಲ್ಲ ಎಂದು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಅಕ್ಕ ಬಸುರಿಯಾಗಿ ತವರಿಗೆ ಬಂದಳು. ಹೂ ಮುಡಿಸುವ ಶಾಸ್ತ್ರ ಇಟ್ಟುಕೊಂಡರು. ನಮ್ಮ ಕಡೆ ಇಂಥದಕ್ಕೆ ಫೋನು ಮಾಡಿ ಕರೆದರೆ ಯಾರೂ ಬರುವುದಿಲ್ಲ. ಮನೆಯ ಹೆಣ್ಣುಮಗಳು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ, ಮುತ್ತೈದೆಯರಿಗೆ ಕುಂಕುಮ ಕೊಟ್ಟು ಬಾಯಿ ತುಂಬ ಕರೆಯಬೇಕು. ಒಂದು ಮನೆ ತಪ್ಪಿದರೆ ವರ್ಷಗಟ್ಟಲೆ ಮಾತಿಲ್ಲ. ಅವ್ವನಿಗೆ ಅಡುಗೆ ಕೆಲಸ. ಜೊತೆಗೆ ನಾನು ನಾಲ್ಕು ಜನರ ಕಣ್ಣಿಗೆ ಬಿದ್ದರೆ ‘ಉಡ್ಗಿ ಉಷಾರಾಗವ್ಳೆ’ ಅನ್ನಲಿ ಎಂಬ ಆಸೆ. ನನ್ನನ್ನೇ ಕಳಿಸಿದಳು. ಬರೆದುಕೊಂಡು ಹೋಗುತ್ತೇನೆ ಅಂದೆ.

“ಚೀಟಿ ಇಡ್ಕಂಡು ಕರೆಯಕ್ಕೆ ಓಗ್ತಾರೇನೇ? ರೇಷನ್ ತರಕ್ಕೆ ಓಯ್ತಿದ್ದೀಯಾ? ನಗ್ತಾರೆ ಸುಮ್ಕಿರು. ಮೇಗಳ ಬೀದಿ ಮುಗಿಸ್ಕಂಡು, ಗುಡಿ ಪಕ್ಕ ಒಂದೆರಡು ಮನೆ, ಅಂಗೇ ದೊಡ್ಡಪ್ಪನ ಮನೆಗೂ ಓಗಿ ಜಯಂಗೆ ಕುಂಕುಮ ಕೊಡು.”

ಜಯಕ್ಕ ಅಂದರೆ ದೊಡ್ಡಪ್ಪನ ಸೊಸೆ. ಅವ್ವ ಸರಿಯಾಗಿಯೇ ಹೇಳಿದ್ದಳು. ಒಂದೇ ಉಸಿರಿಗೆ ಹೇಳಿದಳು, ಅಷ್ಟೇ. ‘ದೊಡ್ಡಪ್ಪನ ಮನೆ’ ನನ್ನೊಳಗೆ ಉಳಿಯಿತು. ‘ಜಯಂಗೆ’ ಅನ್ನುವುದು ಎಲ್ಲೋ ಬಿದ್ದುಹೋಯಿತು.

ಮೇಲಿನ ಬೀದಿಯಲ್ಲಿ ಚೆನ್ನಾಗಿಯೇ ನಡೆಯಿತು. ‘ನಾಳಿದ್ದು ಅಕ್ಕಂಗೆ ಊ ಮುಡುಸ್ತೀವಿ, ಎಲ್ರೂ ಬರ್ಬೇಕು’ ಅನ್ನುವ ಒಂದೇ ಸಾಲನ್ನು ತುಂಬಿದ ಕೊಡದ ಹಾಗೆ ಹೊತ್ತುಕೊಂಡು ನಡೆದೆ. ಒಂದು ಮನೆಗೆ ಎರಡು ಸಲ ಹೋದೆನಂತೆ, ನಕ್ಕು ಬಿಟ್ಟರು. ಆಮೇಲೆ ದೊಡ್ಡಪ್ಪನ ಮನೆ ಕಡೆ ತಿರುಗಿದೆ. ನೋಡೇ ಬಿಡುತ್ತೇನೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅವನನ್ನೇ ಕೇಳಿಬಿಡುತ್ತೇನೆ ಅಂದುಕೊಂಡು ಹೋದೆ.

ದೊಡ್ಡವ್ವ ಜಗುಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು. ನಾನು ಅವಳ ಹಣೆ ನೋಡಲಿಲ್ಲ, ಕೈ ನೋಡಲಿಲ್ಲ. ನನ್ನ ಗ್ಯಾನವೆಲ್ಲ ಆ ಒಂದು ಸಾಲಿನ ಮೇಲಿತ್ತು. ಸಾಲು ಒಪ್ಪಿಸಿ, ಭರಣಿಯನ್ನು ಅವಳ ಮುಂದೆ ಹಿಡಿದು, “ದೊಡ್ಡಪ್ಪ ಎಲ್ಲಿ? ಗದ್ದೆ ತಾವ ಓದ್ರಾ? ಅವ್ರಿಗೂ ಏಳು, ಬರ್ಲೇಬೇಕಂತೆ ಅನ್ನು” ಅಂದೆ.

ದೊಡ್ಡವ್ವನ ಕೈ ಕುಂಕುಮದ ಕಡೆ ಅರ್ಧ ಬಂತು. ಅಲ್ಲೇ ನಿಂತಿತು. ನನ್ನ ಮುಖವನ್ನೇ ನೋಡಿದಳು. ಎದ್ದು ಒಳಗೆ ಹೋಗಿಬಿಟ್ಟಳು. ಒಳಗಿನಿಂದ ಜಯಕ್ಕ ಓಡಿ ಬಂದಳು.

“ಏನೇ ಪವಿ, ಬೇಕಂತ್ಲೇ ಮಾಡ್ತಿದ್ದೀಯಾ? ನಮ್ಮಾವ ಓಗಿ ವರ್ಸ ತುಂಬಿಲ್ಲ, ಅತ್ತೆಗೆ ಕುಂಕುಮ ಇಡೀತೀಯಲ್ಲ! ಎಲ್ಲೋದ್ರು ಅಂತ ಬೇರೆ ಕೇಳ್ತೀಯ! ಮನುಷ್ಯರೇನೇ ನೀವು?”

ಅವಳ ಹಿಂದೆ, ನಡುಮನೆಯ ಗೋಡೆಯ ಮೇಲೆ ದೊಡ್ಡಪ್ಪನ ಫೋಟೋ ಇತ್ತು. ಹಾರ ಹಾಕಿತ್ತು, ಸಣ್ಣ ಕೆಂಪು ಬಲ್ಬು ಉರಿಯುತ್ತಿತ್ತು.

ಮನೆಗೆ ಹೇಗೆ ಬಂದೆನೋ. ಅವ್ವನಿಗೆ ಕೇಳಿದೆ, ದೊಡ್ಡಪ್ಪ ಸತ್ತೋದ್ರಾ ಅಂತ. ಅವ್ವ ಒಗ್ಗರಣೆಯ ಸೌಟು ಹಿಡಿದವಳು ನನ್ನನ್ನೇ ನೋಡಿದಳು.

“ಆಸ್ಪತ್ರೇಲಿ ಏಳಿದ್ವಲ್ಲೇ. ನಿಮ್ಮಪ್ಪನೇ ಪಕ್ಕದಲ್ಲಿ ಕೂತ್ಕಂಡು ಏಳಿದ್ದು. ಊಂ ಅಂದ್ಯಲ್ಲ ನೀನು! ಮತ್ತೆ ಎತ್ತುದ್ರೆ ಎಲ್ಲಿ ತಲೆ ಕೆಡುಸ್ಕೊತೀಯೋ ಅಂತ ನಾವೂ ಸುಮ್ಕಾದೋ.”

ಊಂ ಅಂದಿದ್ದೆನಂತೆ. ಕೇಳಿಸಿಕೊಂಡಿದ್ದೆ, ಇಟ್ಟುಕೊಂಡಿರಲಿಲ್ಲ. ನನ್ನನ್ನು ಆಸ್ಪತ್ರೆಗೆ ಸೇರಿಸಿ ಬಂದ ಕೆಲವೇ ದಿನಕ್ಕೆ ದೊಡ್ಡಪ್ಪ ಹೋಗಿದ್ದ. ಹೆಣ ಎತ್ತಿ, ತಿಥಿ ಮಾಡಿ, ಎಲ್ಲರೂ ಅತ್ತು, ಸಮಾಧಾನ ಮಾಡಿಕೊಂಡು, ಕೆಲಸಕ್ಕೆ ಮರಳಿದ್ದರು. ನನ್ನ ಪಾಲಿಗೆ ಅವನು ಸತ್ತಿದ್ದು ಅವತ್ತು ಮಧ್ಯಾಹ್ನ. ಊರಿನ ಅಳುವೆಲ್ಲ ಮುಗಿದ ಮೇಲೆ ನನ್ನ ಅಳು ಶುರುವಾಯಿತು. ಅದೂ ಶುಭಕಾರ್ಯದ ಮನೆಯಲ್ಲಿ. “ಬಸುರಿ ಎಂಗ್ಸು ಮುಂದೆ ಅಳ್ಬ್ಯಾಡ ಕಣೆ” ಎಂದು ಅವ್ವ ಬೇಡಿಕೊಂಡಳು. ಕೊಟ್ಟಿಗೆಗೆ ಹೋಗಿ ಹಸುವಿನ ಕುತ್ತಿಗೆಗೆ ಮುಖ ಒತ್ತಿಕೊಂಡು ಅತ್ತೆ. ಅದು ಪಾಪ, ಮೆಲುಕು ಹಾಕುತ್ತಾ ನಿಂತಿತ್ತು.

ಸಂಜೆಗೆ ದೊಡ್ಡಪ್ಪನ ಮನೆಯಿಂದ ಮಾತು ಬಂತು. ಅವರ ಮಗ ನಾಗರಾಜಣ್ಣ ಬಾಗಿಲಲ್ಲೇ ನಿಂತು, ಶಾಸ್ತ್ರಕ್ಕೂ ಬರಲ್ಲ, ಇನ್ನು ಮೇಲೆ ನಿಮಗೂ ನಮಗೂ ಸರಿಹೋಗಲ್ಲ ಅಂದ. ಅಪ್ಪ ಕೈ ಮುಗಿದ. ಮಗು ಬಾಯ್ತಪ್ಪಿ ಆಡಿತು ಅಂದ. ಯಾಕೆ ತಪ್ಪಿತು ಎಂದು ಮಾತ್ರ ಹೇಳಲಿಲ್ಲ. ಅವನು ಹೋದ ಮೇಲೆ ನಾನೇ ಹೋಗಿ ನಿಜ ಹೇಳಿಬಿಡುತ್ತೇನೆ ಅಂದೆ.

“ಸುಮ್ಕೆ ಕೂತ್ಕೊ. ನಾಳಿದ್ದು ಪಾಂಡವಪುರದೋರು ಬತ್ತಾವ್ರೆ. ಒಬ್ರಿಗೆ ಗೊತ್ತಾದ್ರೆ ಊರ್ಗೆಲ್ಲಾ ಗೊತ್ತಾಯ್ತದೆ. ಅಕ್ಕನ ಗತಿ ಏನು? ನಾಳೆ ನಿನ್ನ ಯಾರು ಕೇಳ್ಕಂಡು ಬತ್ತಾರೆ? ಟೈಫಾಯ್ಡು ಅಂದ್ಮೇಲೆ ಟೈಫಾಯ್ಡು.”

“ಟೈಫಾಯ್ಡು ಬಂದೋರು ಸತ್ತೋರ್ನ ಮರೀತಾರೇನಪ್ಪ?” ಅಂದೆ. ಅಪ್ಪ ಮಂಡಿ ನೀವಿಕೊಂಡ.

ಹೇಳದಿದ್ದರೆ ನಾನು ದೊಡ್ಡವ್ವನ ಬರಿಹಣೆಯನ್ನು ಬೇಕಂತಲೇ ಅಣಕಿಸಿದವಳು. ಹೇಳಿದರೆ ಹುಚ್ಚಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಹುಚ್ಚಿ ಅನ್ನಿಸಿಕೊಂಡರೂ ಬದುಕಬಹುದು. ತುಪ್ಪ ಬಿಟ್ಟು ಮುದ್ದೆ ಕೊಟ್ಟವಳು ನನ್ನನ್ನು ಕಟುಕಿ ಅಂದುಕೊಂಡರೆ ಬದುಕುವುದು ಹೇಗೆ?

ಶಾಸ್ತ್ರ ನಡೆಯಿತು. ಅಕ್ಕ ಚೆನ್ನಾಗಿ ಕಂಡಳಂತೆ. ನಾನು ಒಳಮನೆಯಲ್ಲಿ ತಾಂಬೂಲದ ಚೀಲ ಕಟ್ಟುತ್ತಾ ಕೂತಿದ್ದೆ. ಮಾರನೆಯ ದಿನ ಪಾಂಡವಪುರದವರ ಕಾರು ಊರು ದಾಟಿದ ಮೇಲೆ, ಮನೆಯಲ್ಲಿ ಯಾರಿಗೂ ಹೇಳದೆ, ಬರಿಗೈಯಲ್ಲಿ ದೊಡ್ಡವ್ವನ ಮನೆಗೆ ನಡೆದೆ. ಜಯಕ್ಕನೂ ನಾಗರಾಜಣ್ಣನೂ ಕಬ್ಬಿನ ಗದ್ದೆಗೆ ಹೋಗಿದ್ದರು. ದೊಡ್ಡವ್ವ ಅದೇ ಜಗುಲಿಯ ಮೇಲಿದ್ದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅವಳನ್ನು ಕಂಡ ಕೂಡಲೇ ಮರೆತುಹೋಯಿತು. ಸಿಕ್ಕಿದ್ದನ್ನು ಹೇಳಿದೆ.

“ನಂಗೆ ಟೈಫಾಯ್ಡಲ್ಲ ದೊಡ್ಡವ್ವ. ತಲೆ ಕಾಯ್ಲೆ. ಇಲ್ದೇ ಇರೋರ ಮಾತು ಕೇಳ್ತಿತ್ತು. ಈಗ ಕೇಳಕಿಲ್ಲ, ಆದ್ರೆ ಗ್ಯಾನ ನಿಲ್ಲಕಿಲ್ಲ. ದೊಡ್ಡಪ್ಪ ಓಗಿದ್ದು ಏಳಿದ್ರಂತೆ, ನಂಗೆ ಉಳೀನಿಲ್ಲ. ನಿನ್ನ ಆಡ್ಕಳಕ್ಕೆ ಬರ್ನಿಲ್ಲ ಕಣವ್ವ ನಾನು.”

ದೊಡ್ಡವ್ವ ಪಕ್ಕದಲ್ಲಿ ಜಾಗ ತೋರಿಸಿದಳು. “ನಂಗೊತ್ತು ಕಣೆ. ನಿನ್ನ ಸೇರುಸ್ಬುಟ್ಟು ಬಂದ ದಿನ್ವೇ ಏಳಿದ್ರು ನಿಮ್ಮ ದೊಡ್ಡಪ್ಪ. ಎಣ್ಣುಮಗೀನ ಇಚಾರ, ಸೊಸೆ ಮುಂದೂ ಆಡ್ಬ್ಯಾಡ ಅಂದಿದ್ರು. ಅದ್ಕೇ ಜಯಂಗೆ ಏಳ್ನಿಲ್ಲ. ಅವ್ಳು ಅಂಗೆ ಕೂಗಾಡುದ್ರೂ ಸುಮ್ಕಿದ್ದೆ.”

“ಮತ್ತೆ ನನ್ಮೇಲೆ ಕ್ವಾಪ ಮಾಡ್ಕಂಡು ಒಳೀಕೆ ಎದ್ದೋದ್ಯಲ್ಲ?”

“ಕ್ವಾಪ ಯಾಕ್ ಮಗಾ?” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಬಂದೋರೆಲ್ಲಾ ಓಗ್ಬುಟ್ರಲ್ಲವ್ವ, ಓಗ್ಬುಟ್ರಲ್ಲವ್ವ ಅಂದ್ರು. ಈಗ ಅದ್ನೂ ಅನ್ನಕಿಲ್ಲ. ಅವ್ರ ಎಸ್ರು ಎತ್ತುದ್ರೆ ಮನೇಲಿ ಎಲ್ರೂ ಎದ್ದೋಯ್ತಾರೆ, ಮುದ್ಕಿ ಮತ್ತೆ ಶುರು ಮಾಡುದ್ಲು ಅಂತ. ನೀನೊಬ್ಳು ಬಂದು ಎಲ್ಲೋದ್ರು, ಗದ್ದೆ ತಾವ ಓದ್ರಾ ಅಂದೆ. ಊಂ ಕಣವ್ವ, ಗದ್ದೆ ತಾವ ಓಗವ್ರೆ, ಈಗ ಬತ್ತಾರೆ ಅಂತ ನಾಲ್ಗೆ ತುದಿಗೆ ಬಂದ್ಬುಡ್ತು. ಅದ್ಕೇ ಎದ್ದೋದೆ.”

ಇಬ್ಬರೂ ಅತ್ತೆವು. ಅದು ಶುಭಕಾರ್ಯದ ಮನೆಯಲ್ಲ, ಯಾರೂ ಬೇಡ ಅನ್ನಲಿಲ್ಲ. ಎಂಗಾಯ್ತು ಏಳು ದೊಡ್ಡವ್ವ ಅಂದೆ. ಅವಳು ಒಂದೊಂದೇ ಹೇಳಿದಳು. ಬೆಳಿಗ್ಗೆ ಮುದ್ದೆ ಉಂಡಿದ್ದು, ‘ಪವಿ ಆಸ್ಪತ್ರೇಲಿ ಉಂಡ್ಲೋ ಇಲ್ವೋ’ ಅಂದಿದ್ದು, ಕಬ್ಬಿಗೆ ನೀರು ಕಟ್ಟಿ ಬಂದು ಎದೆ ಉರಿ ಅಂದಿದ್ದು, ಮಜ್ಜಿಗೆ ಕುಡಿದು ಇದೇ ಜಗುಲಿಯ ಮೇಲೆ ಒರಗಿದ್ದು, ಆಟೋ ಬರುವಷ್ಟರಲ್ಲಿ ಕೈ ತಣ್ಣಗಾಗಿದ್ದು. ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಗೆ ಬೂದಿ ಬಿಟ್ಟಿದ್ದು, ಹಸಿರು ಟವೆಲ್ಲನ್ನು ಬಿಡಲು ಹೋದವರ ಕೈಯಿಂದ ತಾನು ಕಿತ್ತುಕೊಂಡಿದ್ದು. ನಡುವೆ ನನ್ನ ಗಮನ ತಪ್ಪಿದರೆ ಅವಳಿಗೇ ಗೊತ್ತಾಗುತ್ತಿತ್ತು. ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಹೇಳುತ್ತಿದ್ದಳು. ಬೇಸರವಿಲ್ಲದೆ ನನಗೆ ಎರಡನೆಯ ಸಲ ಹೇಳಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

ಹೊರಟಾಗ ಅಂದಳು, “ಮರ್ತೋದ್ರೆ ಬಾ. ಮತ್ತೆ ಏಳ್ತೀನಿ.”

ಜಯಕ್ಕನ ಮುಂದೆ ನಾನೇ ಹೇಳಿಕೊಂಡೆ. ಅಪ್ಪ ಹೆದರಿದ ಹಾಗೆ ಊರಿಗೆ ಗೊತ್ತಾಯಿತು. ಕೆಲವರು ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಂಡರು. ಅಕ್ಕ ಬಹಳ ದಿನ ಮಾತು ಬಿಟ್ಟಿದ್ದಳು, ಈಗ ಆಡುತ್ತಾಳೆ, ಮಗುವನ್ನು ನನ್ನ ಕೈಗೆ ಕೊಡುವಾಗ ಮಾತ್ರ ಹತ್ತಿರವೇ ನಿಂತಿರುತ್ತಾಳೆ. ನನ್ನನ್ನು ಕೇಳಿಕೊಂಡು ಯಾರೂ ಬಂದಿಲ್ಲ. ಮೆಡಿಕಲ್ಲಿಗೆ ಮತ್ತೆ ಹೋಗುತ್ತಿದ್ದೇನೆ, ಬೆಳಿಗ್ಗೆ ಮಾತ್ರ. ಗೂಡುಗಳಿಗೆಲ್ಲ ಹೆಸರು ಅಂಟಿಸಿದ್ದೇನೆ, ಒಂದು ಸಲಕ್ಕೆ ಒಂದೇ ಗಿರಾಕಿ. ತಲೆಯಲ್ಲಿದ್ದ ಕಂಪ್ಯೂಟರು ಪೂರ್ತಿ ಬಂದಿಲ್ಲ. ಬರುತ್ತದೆ ಎಂದು ನಾನೂ ಹಿಂದಿನಷ್ಟು ಕಾಯುವುದಿಲ್ಲ. ಆಸ್ಪತ್ರೆಯ ಹಾಲ್‌ನಲ್ಲಿ ಯಾರಾದರೂ ‘ಯಾರ್ಗೆ?’ ಅಂದರೆ ‘ನಂಗೆ’ ಅನ್ನುತ್ತೇನೆ. ಅಪ್ಪ ಈಗಲೂ ಆ ಹೊತ್ತಿಗೆ ಗೋಡೆ ಕಡೆ ನೋಡುತ್ತಾನೆ.

ಮೊನ್ನೆ ಅಂಗಡಿಯಿಂದ ಬರುತ್ತಾ ದೊಡ್ಡವ್ವನ ಮನೆ ಕಡೆ ತಿರುಗಿದೆ. ಜಗುಲಿಯ ಮೇಲೆ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಮೊರವೂ ಇರಲಿಲ್ಲ, ಕಣ್ಣು ಬೀದಿಯ ಕಡೆ. ಒಳಗೆ ಟಿವಿ ಜೋರಾಗಿ ಓಡುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಆ ಮುದ್ದೆ, ಆ ಮಜ್ಜಿಗೆ, ಆ ಆಟೋ, ಆ ಹೊಳೆ, ನನಗೆ ಒಂದಕ್ಷರವೂ ಮರೆತಿರಲಿಲ್ಲ.

“ದೊಡ್ಡವ್ವ, ಮರ್ತೋಗ್ಬುಟ್ಟೈತೆ ಕಣೆ. ದೊಡ್ಡಪ್ಪಂದು ಇನ್ನೊಂದ್ಸಲ ಏಳು” ಅಂದೆ.

ಅವಳು ನನ್ನ ಕಡೆ ತಿರುಗಿ ಕಾಲು ಮಡಚಿ ಸರಿಯಾಗಿ ಕೂತಳು. “ಗ್ಯಾನ ಎಲ್ಲಿಟ್ಟಿದ್ದೀಯೆ ನೀನು?” ಎಂದು ಬೈದು, “ಅವತ್ತು ಬೆಳಿಗ್ಗೆ ಮುದ್ದೆ ಮಾಡಿದ್ನಾ...” ಎಂದು ಮೊದಲಿನಿಂದ ಶುರು ಮಾಡಿದಳು.